ಆಷಾಢದ ಒಂದು ಶುಕ್ರವಾರ

ಬ್ಯಾಂಕಿನ ಕೆಲಸದಲ್ಲಿ 28 ವರ್ಷ ಊರೂರು ಸುತ್ತಿ, ಕೊನೆಗೊಮ್ಮೆ ಮೈಸೂರಿನ ರಿಂಗ್ ರಸ್ತೆಯ ಆಚೆ ನಮ್ಮದು ಅಂತ ಒಂದು ಮನೆಯಾಯಿತು. ಒಳಗಿನದೆಲ್ಲ ಹೆಂಡತಿಯ ಇಷ್ಟದಂತೆ ನಡೆಯಿತು. ನನ್ನದು ಒಂದೇ ಆಸೆ. ಮುಂದೆ ಉಳಿದಿದ್ದ 12 ಅಡಿ ಅಗಲ, 18 ಅಡಿ ಉದ್ದದ ಜಾಗದಲ್ಲಿ ಹುಲ್ಲುಹಾಸು ಬೇಕು. ವರ್ಗಾವಣೆಯ ದಿನಗಳಲ್ಲಿ ಯಾವುದೋ ಊರಿನ ಯಾರದೋ ಬಂಗಲೆಯ ಗೇಟಿನ ಹೊರಗೆ ನಿಂತು, ಸಂಜೆ ನೀರು ಹಾಯಿಸಿದ ಹುಲ್ಲನ್ನು ನೋಡಿದ್ದು ಎಷ್ಟು ಸಲವೋ. ಆ ಒದ್ದೆ ಹುಲ್ಲಿನ ವಾಸನೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರಿಗಾಲಲ್ಲಿ ನಮ್ಮದೇ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಬೇಕು, ಅಷ್ಟೆ.

2022ರ ಜನವರಿಯಲ್ಲಿ ಒಂದು ಲೋಡು ಕೆಮ್ಮಣ್ಣು, ಅರ್ಧ ಲೋಡು ಕೊಟ್ಟಿಗೆ ಗೊಬ್ಬರ ಹಾಕಿಸಿ, ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಚಾಪೆ ತರಿಸಿ ಹಾಸಿಸಿದೆ. ಹೆಸರು ಮಾತ್ರ ಮೆಕ್ಸಿಕನ್. ಅದು ಜೋಯ್ಸಿಯಾ ಜಾತಿಯ ಹುಲ್ಲು, ತವರು ಪೂರ್ವ ಏಷ್ಯಾ. ದಟ್ಟವಾಗಿ, ನಿಧಾನವಾಗಿ ಹಬ್ಬುತ್ತದೆ. ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಚಾಪೆಗಳ ನಡುವಿನ ಸಂದುಗಳು ಮುಚ್ಚಿಕೊಂಡವು. ಬಂದವರೆಲ್ಲ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟು ನೋಡುತ್ತಿದ್ದರು. ನನಗೆ ಅದೇ ದೊಡ್ಡ ಸಂತೋಷ.

ಪೂರ್ವಕ್ಕೆ, ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ, ಟೀಚರಮ್ಮನ ಮನೆ. ಬೀದಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತರಾದವರು, ವಯಸ್ಸು ಎಪ್ಪತ್ತರ ಹತ್ತಿರ, ಒಬ್ಬರೇ ಇರುತ್ತಾರೆ. ನಾನು ಹುಲ್ಲು ಹಾಸಿದಷ್ಟೇ ಜಾಗದಲ್ಲಿ ಅವರು ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆದು, ಕಾಂಪೌಂಡಿನ ಮೂಲೆಗೆ ಚಪ್ಪರದವರೆ ಹಬ್ಬಿಸಿದ್ದರು. ಟೊಮೇಟೊ ಅಂಗಡಿಯ ಬೀಜದ್ದಲ್ಲ. ತವರುಮನೆಯಿಂದ ತಂದ ನಾಟಿ ತಳಿ. ಚೆನ್ನಾಗಿ ಹಣ್ಣಾದ ಒಂದೆರಡನ್ನು ಹಿಸುಕಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ದೇವರ ಮನೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಣ್ಣು ಚಪ್ಪಟೆ, ಪಕ್ಕದಲ್ಲಿ ಗೀರು ಗೀರು, ಹುಳಿ ಜಾಸ್ತಿ. ವಾರಕ್ಕೊಮ್ಮೆ ನಾಲ್ಕೈದು ಹಣ್ಣು ಕಾಂಪೌಂಡಿನ ಮೇಲೆ ಇಟ್ಟು, "ಸಾರಿಗೆ ಹಾಕಿ ನೋಡಿ, ಹುಣಸೆಹಣ್ಣೇ ಬೇಡ" ಅನ್ನುತ್ತಿದ್ದರು.

ಏಪ್ರಿಲ್ ಕೊನೆಗೆ ಒಂದೆರಡು ಒಳ್ಳೆ ಮಳೆ ಬಿದ್ದವು. ಮಾರನೆಯ ವಾರ ಹುಲ್ಲಿನ ನಡುವೆ ಅಲ್ಲಲ್ಲಿ ಬೇರೆ ಹಸಿರಿನ ಗರಿಗಳು ಎದ್ದಿದ್ದವು. ಹುಲ್ಲಿಗಿಂತ ಗಾಢ, ಹೊಳಪು ಹೆಚ್ಚು. ಸಮನಾಗಿ ಕತ್ತರಿಸಿದ ಮೂರನೇ ದಿನಕ್ಕೆ ಅವು ಮಾತ್ರ ನಾಲ್ಕು ಬೆರಳು ಮೇಲೆದ್ದು ನಿಲ್ಲುತ್ತಿದ್ದವು. ಒಂದರ ದಂಟನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸಿದೆ. ದುಂಡಗಿಲ್ಲ, ಮೂರು ಏಣು ಕೈಗೆ ಹತ್ತಿತು. ಜೇಕು. ಕೆಲವರು ಕೊನ್ನಾರಿ ಗಡ್ಡೆ ಅನ್ನುತ್ತಾರೆ, ತುಂಗೆ ಅನ್ನುವವರೂ ಇದ್ದಾರೆ. ಕೆಮ್ಮಣ್ಣಿನ ಜೊತೆ ಬಂತೋ, ಗೊಬ್ಬರದ ಜೊತೆಯೋ, ಹುಲ್ಲಿನ ಚಾಪೆಯ ಅಡಿಯಲ್ಲೇ ಕೂತು ಬಂತೋ, ಅಂತೂ ಬಂದಿತ್ತು.

ನನಗೆ ಕಳೆಯ ಬಗ್ಗೆ ಭಯವಿರಲಿಲ್ಲ. ಮನೆ ಕಟ್ಟುವ ಮೊದಲು ನಮ್ಮ ನಿವೇಶನದ ತುಂಬ ಎದೆಯೆತ್ತರ ಪಾರ್ಥೇನಿಯಂ ಬೆಳೆದಿತ್ತು. ನಮ್ಮ ಕಡೆಯ ಬಾಯಲ್ಲಿ ಕಾಂಗ್ರೆಸ್ ಗಿಡ. ಮೈ ಕಡಿತ ಬರುತ್ತದೆ ಅಂತ ಕೈಗೆ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಳೆ ಬಿದ್ದ ಮರುದಿನ ನಾನೇ ನಿಂತು ಕಿತ್ತಿದ್ದೆ. ಹದ ಮಣ್ಣಿನಲ್ಲಿ ಬುಡ ಹಿಡಿದು ಎಳೆದರೆ ತಾಯಿಬೇರು ಸಮೇತ ಬಂದುಬಿಡುತ್ತದೆ. ಹೂವಾಗುವ ಮುಂಚೆ ಎರಡು ಸಲ ಕಿತ್ತರೆ ಮೂರನೇ ಸಲಕ್ಕೆ ಅರ್ಧವೂ ಇರುವುದಿಲ್ಲ. ಅದನ್ನು ಗೆದ್ದವನಿಗೆ ಈ ಗೇಣುದ್ದದ ಹುಲ್ಲು ಯಾವ ಲೆಕ್ಕ ಅಂದುಕೊಂಡೆ. ಜೇಕನ್ನು ಎಳೆದಾಗ ಗರಿ ಮಾತ್ರ ಕೈಗೆ ಬಂದು ಬುಡದಲ್ಲಿ ಏನೋ ಪಟ್ ಅಂತ ಕಳಚಿದ್ದು ಗಮನಕ್ಕೆ ಬಂತು. ಆಳದಲ್ಲಿ ಬೇರಿದೆ, ಅಗೆದು ತೆಗೆದರಾಯಿತು ಅಂತ ತೀರ್ಮಾನಿಸಿದೆ.

ಜೂನ್ ತಿಂಗಳು, ಮಣ್ಣು ಹಸಿಯಾಗಿತ್ತು. ಎದುರು ಕಟ್ಟುತ್ತಿದ್ದ ಮನೆಯ ಕೆಲಸಕ್ಕೆ ನಂಜನಗೂಡಿನ ಕಡೆಯಿಂದ ಬರುತ್ತಿದ್ದ ಹೆಂಗಸೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಗೇಟಿನ ನೆರಳಿಗೆ ಕೂರುತ್ತಿದ್ದಳು. ನಾನು ಗುದ್ದಲಿ ತೆಗೆದುಕೊಂಡು ಬಂದದ್ದನ್ನು ನೋಡಿ ಅವಳು ಎದ್ದು ನಿಂತಳು.

"ಈಗ ಅಗೀಬ್ಯಾಡಿ ಸಾ. ಮಣ್ಣು ಹಸಿ ಅದೆ. ಜೇಕಿಗೆ ಮಳೇಲಿ ಗುದ್ದಲಿ ಹಾಕುದ್ರೆ ಬಿತ್ತನೆ ಮಾಡ್ದಂಗೆ."

"ಆಗಲಮ್ಮ, ನೋಡ್ತೀನಿ" ಅಂದೆ. ಅವಳ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಕಲ್ಲು ಹೊರುವ ಹೆಂಗಸು, ಇವಳಿಗೆ ಹುಲ್ಲುಹಾಸಿನ ವಿಷಯ ಏನು ಗೊತ್ತು ಎಂಬ ಭಾವ ನನ್ನ ಮನಸ್ಸಿನಲ್ಲಿ ಹಾದುಹೋದದ್ದು ನಿಜ. ಅದನ್ನು ಇಲ್ಲಿ ಬರೆಯುವಾಗ ಕೈ ತಡೆಯುತ್ತದೆ. ಅವಳ ಹೊಲದಲ್ಲಿ ಅವಳು ಎಷ್ಟು ಮಳೆಗಾಲ ಬಗ್ಗಿ ಜೇಕು ತೆಗೆದಿದ್ದಳೋ, ನಾನು ಕೇಳಲೇ ಇಲ್ಲ.

ಎರಡು ಭಾನುವಾರ ಅಗೆದೆ. ಅಗೆದಲ್ಲೆಲ್ಲ ಗಡ್ಡೆಗಳು ಸಿಕ್ಕವು. ಕೆಲವು ಕಡಲೆಕಾಳಿನಷ್ಟು, ಕೆಲವು ಗೋಲಿಯಷ್ಟು. ಮೇಲೆ ಕಪ್ಪು ಸಿಪ್ಪೆ, ಸಣ್ಣ ರೋಮದಂಥ ಬೇರು, ಉಗುರಿನಿಂದ ಸೀಳಿದರೆ ಒಳಗೆ ಬಿಳುಪು. ಗಡ್ಡೆಯಿಂದ ಗಡ್ಡೆಗೆ ಸಣ್ಣ ತಂತಿಯಂಥ ಬೇರುಕಾಂಡ. ಜಪಮಣಿ ಪೋಣಿಸಿದ ಹಾಗೆ ಸಾಲಾಗಿ ಹೋಗಿದ್ದವು. ಸೀಳಿದಾಗ ಒಂದು ಪರಿಮಳ ಬಂತು. ಎಲ್ಲೋ ಮೂಸಿದ ವಾಸನೆ ಅಂತ ಯೋಚಿಸಿ ಯೋಚಿಸಿ ನೆನಪಾಯಿತು, ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯದು. ಅಲ್ಲಿ ಭದ್ರಮುಷ್ಟಿ ಅಂತ ಒಣಗಿಸಿ ಮಾರುವುದು ಇದೇ ಗಡ್ಡೆಯನ್ನು. ಆಯುರ್ವೇದದಲ್ಲಿ ಇದು ಮುಸ್ತಾ. ಜ್ವರದಲ್ಲಿ ಕುಡಿಸುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಮೊದಲು ಹೇಳುವ ಹೆಸರೇ ಅದು. ಜೇಕು ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ, ಈ ನೆಲದಲ್ಲೇ ಹಳೆಯದು. ಹೊಸದಾಗಿ ಬಂದದ್ದು ನನ್ನ ಹುಲ್ಲು.

ಎರಡು ಬಾಂಡ್ಲಿ ಗಡ್ಡೆ ತೆಗೆದು ಹೊರಗೆ ಸುರಿದೆ. ಮೂರು ವಾರಕ್ಕೆ ಅಗೆದ ಜಾಗದ ತುಂಬ ಹೊಸ ಚಿಗುರು. ಮೊದಲು ಕೈಬೆರಳಲ್ಲಿ ಎಣಿಸುವಷ್ಟಿದ್ದ ಕಡೆ ಈಗ ಎಣಿಸಲು ಆಗುತ್ತಿರಲಿಲ್ಲ. ಇದು ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸರಪಣಿಯ ತುದಿಯ ಗಡ್ಡೆ ಚಿಗುರಿ ಮೇಲೆ ಬಂದರೆ ಉಳಿದವನ್ನು ಅದು ಮಲಗಿಸಿಯೇ ಇಡುತ್ತದೆ. ಕೊಂಡಿ ಕಡಿದ ಕೂಡಲೇ ಆ ಹಿಡಿತ ತಪ್ಪಿ ಪ್ರತಿ ಗಡ್ಡೆಯೂ ಸ್ವಂತವಾಗಿ ಚಿಗುರುತ್ತದೆ. ನನ್ನ ಗುದ್ದಲಿ ಮಾಡಿದ್ದು ಕೊಂಡಿ ಕಡಿಯುವ ಕೆಲಸ. ಕಡಿದ ಚೂರುಗಳಿಗೆ ಮಳೆಯ ತೇವವೂ ಸಿಕ್ಕಿತ್ತು. ಲಿರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಪಂಚದ ಅತಿ ಕೆಟ್ಟ ಕಳೆಗಳ ಬಗ್ಗೆ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಜೇಕಿಗೆ. ಆ ಪುಸ್ತಕದ ಹೆಸರೇ ಕೇಳದ ಹೆಂಗಸು ಅದರ ತಿರುಳನ್ನು ಒಂದು ಮಾತಿನಲ್ಲಿ ನನಗೆ ಹೇಳಿ ಮುಗಿಸಿದ್ದಳು.

ಮುಂದಿನ ಬೇಸಿಗೆಯಲ್ಲಿ ಒಂದು ಮೂಲೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಹೊದಿಕೆ ಬಿಗಿಯಾಗಿ ಹಿಡಿದಲ್ಲಿ ಅಡಿಯಿಂದ ಸೂಜಿಯಂತೆ ಚಿಗುರು ಚುಚ್ಚಿಕೊಂಡು ಮೇಲೆ ಬಂತು. ಹಾಳೆಯ ಅಡಿಯ ನನ್ನ ಹುಲ್ಲು ಬೆಂದು ಸತ್ತಿತು.

ಈ ಹೊತ್ತಿಗೆ ನಾನು ಹುಲ್ಲಿನ ಮೇಲೆ ನಡೆಯುವುದನ್ನೇ ಬಿಟ್ಟಿದ್ದೆ. ಬೆಳಿಗ್ಗೆ ಕಾಫಿ ಹಿಡಿದು ಬರುತ್ತಿದ್ದೆ, ನಿಂತಲ್ಲೇ ಜೇಕು ಎಣಿಸುತ್ತಿದ್ದೆ. ಹೆಂಡತಿ ಏನಾದರೂ ಹೇಳಿದರೆ ಅರ್ಧ ಕೇಳಿಸುತ್ತಿತ್ತು. ಇನ್ನೂರ ಹದಿನಾರು ಚದರಡಿ ಜಾಗದ ಮೇಲೆ ಒಬ್ಬ ಮನುಷ್ಯನಿಗೆ ಇಷ್ಟು ಹಗೆ ಹುಟ್ಟಬಹುದು ಅಂತ ನನಗೆ ಗೊತ್ತಿರಲಿಲ್ಲ.

2023ರ ಜೂನ್‌ನಲ್ಲಿ ಒಂದು ಗೊಬ್ಬರದ ಅಂಗಡಿಗೆ ಹೋದೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಕೇಳಿದೆ. ಹಿಂದಿನ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರಿಗೆ ಸೀಮಿತ ಮಾಡಿತ್ತು. ಅದೂ ಅಲ್ಲದೆ ಅದು ಹುಲ್ಲನ್ನೂ ಬಿಡುವುದಿಲ್ಲ. ಅಂಗಡಿಯಾತ ಟೂ-ಫೋರ್-ಡಿ ಎಂಬ ಇನ್ನೊಂದು ಕಳೆನಾಶಕ ಕೊಟ್ಟ. ಹುಲ್ಲಿಗೆ ಏನೂ ಆಗುವುದಿಲ್ಲ, ಹದಿನೈದು ಲೀಟರ್ ಕ್ಯಾನಿಗೆ ಇಷ್ಟು ಅಂತ ಹೇಳಿದ. ನನ್ನ ಹತ್ತಿರ ಇದ್ದದ್ದು ಎರಡು ಲೀಟರಿನ ಕೈಪಂಪು. ಲೆಕ್ಕ ಮಾಡುವುದು ನನ್ನ ಕಸುಬು. ಆದರೂ ಅವನು ಹೇಳಿದ ಪ್ರಮಾಣದ ಎರಡರಷ್ಟು ಹಾಕಬೇಕೆಂದು ಅಂಗಡಿಯಲ್ಲೇ ನಿರ್ಧರಿಸಿದ್ದೆ. ಬಾಟಲಿಯ ಜೊತೆಗಿದ್ದ ಹಾಳೆಯಲ್ಲಿ ಗಾಳಿಯಲ್ಲಿ ಹೊಡೆಯಬಾರದು ಎಂದು ಕನ್ನಡದಲ್ಲೇ ಅಚ್ಚಾಗಿತ್ತು. ಓದಿದೆ.

ಹೊಡೆದದ್ದು ಆಷಾಢದ ಎರಡನೇ ಶುಕ್ರವಾರ. ಆಷಾಢ ಶುಕ್ರವಾರ ಅಂದರೆ ಮೈಸೂರಿಗೆ ಮೈಸೂರೇ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡುತ್ತದೆ. ಟೀಚರಮ್ಮ ಬೆಳಗಿನ ಜಾವವೇ ಎದ್ದು ಬೆಟ್ಟಕ್ಕೆ ಹೊರಟಿದ್ದರು. ಬೀದಿ ಖಾಲಿ. ಒಂದು ವಾರ ಬಿಡದೆ ಹನಿಯುತ್ತಿದ್ದ ಮಳೆ ಅವತ್ತು ನಿಂತಿತ್ತು, ಆದರೆ ಗಾಳಿ ಇತ್ತು. ಆಷಾಢದ ಗಾಳಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಒಣಹಾಕಿದ ಬಟ್ಟೆ ಕ್ಲಿಪ್ಪಿನ ಸಮೇತ ಹಾರಿಹೋಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿತ್ತು. ನಾಳೆ ಮತ್ತೆ ಮಳೆ ಹಿಡಿದರೆ ಇನ್ನು ಹದಿನೈದು ದಿನ ಕಾಯಬೇಕು. ಕಾಯಲು ನಾನು ತಯಾರಿರಲಿಲ್ಲ. ಕೈಪಂಪು ಒತ್ತಿದಾಗ ಮಂಜಿನಂಥ ಹನಿ ಎದ್ದು, ನೆಲಕ್ಕೆ ಬೀಳುವ ಮುಂಚೆ ಅರ್ಧ ಭಾಗ ಓರೆಯಾಗಿ ಕಾಂಪೌಂಡಿನ ಕಡೆ ಹೋಗುತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಕಂಡೂ ಮುಗಿಸಿದೆ. ಹತ್ತು ನಿಮಿಷದ ಕೆಲಸ.

ಜೇಕಿನ ಗರಿಗಳು ವಾರದೊಳಗೆ ಹಳದಿಯಾದವು. ನನ್ನ ಖುಷಿಗೆ ಪಾರವಿರಲಿಲ್ಲ. ಅದೇ ವಾರ ಟೀಚರಮ್ಮ ಕಾಂಪೌಂಡಿನ ಆಚೆಯಿಂದ ಕರೆದರು.

"ಇಲ್ಲಿ ಸ್ವಲ್ಪ ನೋಡಿಪ್ಪ, ಟೊಮೇಟೊಗೆ ಏನಾಗಿದೆ ಅಂತ."

ಹನ್ನೊಂದು ಗಿಡ ಇದ್ದವು. ನಮ್ಮ ಕಡೆಯ ಸಾಲಿನ ಏಳು ಗಿಡಗಳ ತುದಿ ಒದ್ದೆಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ದಂಟು ಬಾಗಿ ನೆಲ ನೋಡುತ್ತಿತ್ತು. ಹೊಸ ಎಲೆಗಳು ಅಗಲವಾಗಿ ಬಿಚ್ಚದೆ ದಾರದ ಹಾಗೆ ಸಪೂರವಾಗಿ, ನರಗಳು ಒತ್ತೊತ್ತಾಗಿ ಬಂದಿದ್ದವು. ಅವರೆಬಳ್ಳಿಯ ಕುಡಿಯೂ ಸುರುಳಿ. ಹಿಂದಿನ ಸಾಲಿನ ನಾಲ್ಕು ಗಿಡಗಳಲ್ಲಿ ತುದಿಯ ಎಲೆ ಸ್ವಲ್ಪ ಮುದುಡಿತ್ತು, ಅಷ್ಟೆ. ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು. ಟೂ-ಫೋರ್-ಡಿ ಗಿಡದ ಬೆಳವಣಿಗೆಯ ಹಾರ್ಮೋನಿನಂತೆಯೇ ವರ್ತಿಸುತ್ತದೆ. ಅಗಲ ಎಲೆಯ ಗಿಡ ಅಳತೆ ತಪ್ಪಿ, ತಿರುಚಿಕೊಂಡು ಬೆಳೆದು, ಆ ಬೆಳವಣಿಗೆಯಿಂದಲೇ ಸಾಯುತ್ತದೆ. ಟೊಮೇಟೊಗಂತೂ ಅದರ ಗಾಳಿ ಸೋಕಿದರೆ ಸಾಕು. ಇಷ್ಟು ವಿವರ ಆಗ ತಿಳಿದಿರಲಿಲ್ಲ. ಆದರೆ ಓರೆಯಾಗಿ ಹೋದ ಆ ಮಂಜು ನನ್ನ ಕಣ್ಣ ಮುಂದೆಯೇ ಇತ್ತು.

ಆ ದಿನಗಳು ನಿಮಗೂ ನೆನಪಿರಬಹುದು. ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿ ಊರೆಲ್ಲ ಅದೇ ಮಾತು. ಕೋಲಾರದ ಕಡೆ ಎಲೆ ಮುರುಟು ರೋಗ ಬಂದು ಬೆಳೆ ಹೋಗಿದೆ ಅಂತ ಪೇಪರಿನಲ್ಲಿ ಬರುತ್ತಿತ್ತು. ಟೀಚರಮ್ಮ ಅದನ್ನು ಓದಿದ್ದರು.

"ಕೋಲಾರದ್ದೇ ರೋಗ ಇರಬೇಕು ಅಲ್ವಾ? ಬಿಳಿನೊಣದಿಂದ ಹರಡತ್ತಂತೆ. ಆ ಸಸಿ ಮಾರೋ ಹುಡುಗನ ಹತ್ರ ಹೋದ ತಿಂಗಳು ಮೆಣಸಿನಸಸಿ ತಗೊಂಡೆ, ಅದರ ಜೊತೇಲೇ ಬಂದಿದೆ."

ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಬಾಯಿ ತೆರೆದೆ. "ಇರಬಹುದಮ್ಮ" ಅಂದೆ.

ಅವರು ಬೇವಿನೆಣ್ಣೆ ತಂದು ಸೋಪಿನ ನೀರಿಗೆ ಬೆರೆಸಿ ಎರಡು ಸಲ ಹೊಡೆದರು. ಮೂರನೇ ವಾರ ಒಂದು ಬೆಳಿಗ್ಗೆ ಹನ್ನೊಂದೂ ಗಿಡಗಳನ್ನು ಬೇರು ಸಮೇತ ಕಿತ್ತು ಅಂಗಳದ ಮೂಲೆಯಲ್ಲಿ ರಾಶಿ ಹಾಕಿದರು. ಹಿಂದಿನ ಸಾಲಿನ ನಾಲ್ಕು ಗಿಡಗಳಲ್ಲಿ ಹೂವಿತ್ತು. ಒಂದರಲ್ಲಿ ಗೋಲಿಯಷ್ಟು ಕಾಯಿ ಕೂಡ. ಅದೂ ಸೇರಿ ರಾಶಿಗೆ ಬಿತ್ತು. ನಾನು ಗೇಟು ತೆಗೆಯುತ್ತಿದ್ದವನು ಹಾಗೇ ನಿಂತೆ. ನನ್ನನ್ನು ನೋಡಿ ಅವರು, "ಇಟ್ಟುಕೊಂಡರೆ ನಿಮ್ಮ ಮನೆ ಗಿಡಕ್ಕೂ ಹತ್ತತ್ತೆ ಅಂತ ಕಿತ್ತುಹಾಕಿದೆ" ಅಂದರು.

ಆ ಮಾತಿಗೆ ನಾನು ತಲೆಯಾಡಿಸಿ ಬ್ಯಾಂಕಿಗೆ ಹೋದೆ.

ಅವತ್ತು ಕೌಂಟರಿನಲ್ಲಿ ಬಂದವರು ಏನು ಕೇಳಿದರೋ ನಾನು ಏನು ಹೇಳಿದೆನೋ ನೆನಪಿಲ್ಲ. ಸಂಜೆ ಮನೆಗೆ ಬರುವಾಗ ಅವರು ಆ ರಾಶಿಯನ್ನು ಸುಟ್ಟಾಗಿತ್ತು, ಗೇಟಿನ ಹತ್ತಿರ ಇನ್ನೂ ಸುಟ್ಟ ಹಸಿಗಿಡದ ವಾಸನೆ ಇತ್ತು. ಹೆಂಡತಿಗೂ ಹೇಳಲಿಲ್ಲ. ಹೇಳದೇ ಇರುವುದಕ್ಕೆ ದಿನವೂ ಒಂದು ಕಾರಣ ಸಿಗುತ್ತಿತ್ತು. ಹೋದ ಗಿಡ ವಾಪಸ್ಸು ಬರುತ್ತದೆಯೇ? ಹೇಳಿದರೆ ಆ ಹಿರಿಯರಿಗೆ ಇನ್ನೂ ನೋವಲ್ಲವೇ? ಬೇರೆ ಬೀಜ ತಂದುಕೊಟ್ಟು ಸರಿಮಾಡಿದರಾಯಿತು. ಅವು ಯಾವುವೂ ನಿಜವಾದ ಕಾರಣವಲ್ಲ. ಗಾಳಿ ಇದೆ ಅಂತ ಗೊತ್ತಿದ್ದೂ ಹೊಡೆದವನು ಅಂತ ಅವರ ಮುಂದೆ ನಿಲ್ಲಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಬೀದಿಯಲ್ಲಿ ಜೋರು ಮಾತು ಕೇಳಿ ಹೊರಗೆ ಬಂದೆ. ತಳ್ಳುಗಾಡಿಯಲ್ಲಿ ಸಸಿ ಮಾರುವ ಹುಡುಗ ಟೀಚರಮ್ಮನ ಗೇಟಿನ ಮುಂದೆ ತಲೆ ತಗ್ಗಿಸಿ ನಿಂತಿದ್ದ. "ರೋಗದ ಸಸಿ ತಂದು ಮಾರ್ತೀಯಲ್ಲ, ಕಷ್ಟಪಟ್ಟು ಬೆಳೆಸಿದೋರ ಹೊಟ್ಟೆ ಉರಿಸ್ತೀಯಲ್ಲ" ಅಂತ ಅವರು ಬೈಯುತ್ತಿದ್ದರು. ಆ ಹುಡುಗ "ಇಲ್ಲ ಅಮ್ಮ, ಚೆನ್ನಾಗಿರೋ ಸಸಿ ಅಮ್ಮ" ಎನ್ನುತ್ತಲೇ ಗಾಡಿ ತಿರುಗಿಸಿದ. ನಾನು ಬಾಗಿಲಿನಿಂದ ಒಳಗೆ ಸರಿದೆ. ಆಮೇಲೆ ಅವನು ನಮ್ಮ ಬೀದಿಗೆ ಬರಲಿಲ್ಲ.

ಜೇಕು ಮಾತ್ರ ಆಗಸ್ಟ್ ಹೊತ್ತಿಗೆ ವಾಪಸ್ಸು ಬಂದಿತ್ತು. ಆ ಔಷಧಿಗೆ ಮೇಲಿನ ಗರಿ ಒಣಗಿತ್ತೇ ಹೊರತು ಕೆಳಗಿನ ಗಡ್ಡೆಗಳಿಗೆ ಏನೂ ಆಗಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಗಣೇಶನ ಹಬ್ಬದ ಹಿಂದಿನ ಸಂಜೆ ಟೀಚರಮ್ಮ ಒಂದು ಸಣ್ಣ ತಟ್ಟೆ ಹಿಡಿದು ನಮ್ಮ ಗೇಟಿಗೆ ಬಂದರು. "ನಿಮ್ಮ ಹುಲ್ಲಿನಲ್ಲಿ ಅಂಚಿಗೆ ಗರಿಕೆ ಬಂದಿದೆಯಲ್ಲ, ಪೂಜೆಗೆ 21 ಎಸಳು ಕಿತ್ಕೊಳ್ಳಲಾ? ಮಾರ್ಕೆಟ್ಟಿನದು ಎಲ್ಲಿ ಬೆಳೆದಿರತ್ತೋ ಏನೋ" ಅಂದರು. ಹುಲ್ಲುಹಾಸಿನವರಿಗೆ ಗರಿಕೆಯೂ ಕಳೆಯೇ. ಮೆಕ್ಸಿಕನ್ ಹುಲ್ಲಿನ ಅಂಚಿನಿಂದ ನುಗ್ಗಿಬಂದಿತ್ತು. ಹುಲ್ಲಿನ ಜಾತಿಯಾದ್ದರಿಂದ ಆ ಔಷಧಿ ಅದಕ್ಕೆ ಏನೂ ಮಾಡಿರಲಿಲ್ಲ, ಹಸಿರಾಗಿ ನಳನಳಿಸುತ್ತಿತ್ತು. ಅವರು ಬಗ್ಗಿ ಕೈ ಹಾಕಿದರು.

"ಬೇಡಮ್ಮ. ಅದು ಬೇಡ."

"ಯಾಕಪ್ಪ?"

ಹೊಡೆದು ಹನ್ನೊಂದು ವಾರ ಕಳೆದಿತ್ತು. ಅಷ್ಟು ಮಳೆ ಬಿದ್ದ ಮೇಲೆ ಆ ಎಸಳುಗಳಲ್ಲಿ ಏನೂ ಉಳಿದಿರಲಿಕ್ಕಿಲ್ಲ. ಆದರೂ ಅವರ ಕೈಯಲ್ಲಿ ಅದನ್ನು ಗಣಪತಿಯ ತಲೆಗೆ ಏರಿಸಲು ನನ್ನಿಂದ ಆಗಲಿಲ್ಲ. "ಇದಕ್ಕೆ ಔಷಧಿ ಹೊಡೆದಿದ್ದೆ" ಅಂದೆ. ಯಾವಾಗ ಅಂದರು. ಆಷಾಢದಲ್ಲಿ, ನೀವು ಬೆಟ್ಟಕ್ಕೆ ಹೋಗಿದ್ದ ಶುಕ್ರವಾರ ಅಂದೆ. ಗಾಳಿಯ ವಿಷಯ, ಎರಡರಷ್ಟು ಹಾಕಿದ ವಿಷಯ, ಟೊಮೇಟೊ ನೋಡಿದ ಕೂಡಲೇ ನನಗೆ ಗೊತ್ತಾಗಿದ್ದ ವಿಷಯ, ಎಲ್ಲ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗದೆ ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತಿದ್ದೆ. ಅದರಲ್ಲಿ ಆಗಲೇ ಎರಡು ಎಸಳು ಗರಿಕೆ ಇತ್ತು.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಿದ್ದರೆ ಹಿಂದಿನ ಸಾಲಿನ ನಾಲ್ಕು ಗಿಡ ಕೀಳ್ತಿರಲಿಲ್ಲ" ಅಂದರು. ಸ್ವಲ್ಪ ತಡೆದು, "ಆ ಹುಡುಗನಿಗೆ ಏನೇನೋ ಅಂದುಬಿಟ್ಟೆನಲ್ಲಪ್ಪ" ಅಂದರು. ಎರಡು ಎಸಳನ್ನು ತೆಗೆದು ಕಾಂಪೌಂಡಿನ ಮೇಲಿಟ್ಟು, ಖಾಲಿ ತಟ್ಟೆ ಹಿಡಿದು ಹೋದರು.

ನಾಲ್ಕು ಗಿಡದ ಆ ಲೆಕ್ಕ ನನ್ನನ್ನು ಈಗಲೂ ಬಿಟ್ಟಿಲ್ಲ. ಹಗುರವಾಗಿ ತಾಗಿದ ಟೊಮೇಟೊ ಗಿಡ ಕ್ರಮೇಣ ಚೇತರಿಸಿಕೊಂಡು ಹೊಸ ಕುಡಿ ಬಿಡುವುದುಂಟು. ವೈರಸ್ ರೋಗ ಅಂದುಕೊಂಡವರು ಮಾತ್ರ ಅದನ್ನು ಉಳಿಸಿಕೊಳ್ಳುವ ಹಾಗಿಲ್ಲ. ಮೊದಲ ಸಾಲಿನ ಏಳು ಗಿಡ ಹೋದದ್ದು ನಾನು ಹೊಡೆದ ಔಷಧಿಯಿಂದ. ಹಿಂದಿನ ನಾಲ್ಕು ಹೋದದ್ದು "ಇರಬಹುದಮ್ಮ" ಎಂಬ ಮಾತಿನಿಂದ. ಆ ವರ್ಷ ಬೀಜಕ್ಕೆ ಹಣ್ಣು ಬಿಡಲಾಗಲಿಲ್ಲ. ಗೂಡಿನಲ್ಲಿದ್ದ ಹಳೆಯ ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ಆಮೇಲೆ ಹಾಕಿ ನೋಡಿದರಂತೆ. ಮೂರು ಮೊಳೆತವು.

ಹಬ್ಬ ಕಳೆದ ಭಾನುವಾರ ಅವರೇ ನಮ್ಮ ಬಾಗಿಲಿಗೆ ಬಂದು, "ಸ್ಕೂಟರ್ ತೆಗೀರಿ, ಆ ಹುಡುಗನ ಹತ್ರ ಹೋಗಿಬರೋಣ" ಅಂದರು. ಎರಡು ಬಡಾವಣೆ ಸುತ್ತಿ ಕೊನೆಗೆ ಒಂದು ಅರಳಿಮರದ ಕೆಳಗೆ ಅವನ ಗಾಡಿ ಸಿಕ್ಕಿತು. ಟೀಚರಮ್ಮ ಅವನ ಮುಂದೆ ನಿಂತು, "ತಪ್ಪು ನನ್ನದಪ್ಪ, ನಿನ್ನ ಸಸಿಯಿಂದ ಏನೂ ಆಗಿರಲಿಲ್ಲ" ಅಂದರು. ನನ್ನ ಹೆಸರು ಎತ್ತಲಿಲ್ಲ. "ಇಲ್ಲಪ್ಪ, ತಪ್ಪು ನನ್ನದು" ಅಂತ ನಾನು ಹೇಳಿದೆ. ನಡೆದದ್ದನ್ನು ಅವನಿಗೂ ವಿವರಿಸಿದೆ. ಆ ಹುಡುಗ ನನ್ನನ್ನೂ ಅವರನ್ನೂ ನೋಡಿ, "ಹೋಗ್ಲಿ ಬಿಡಿ ಸಾರ್" ಅಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥದ್ದು ಅವನಿಗೆ ಮಾಮೂಲು ಎಂಬಂತೆ ಇತ್ತು. ಅದು ಸಿಟ್ಟಿಗಿಂತ ಹೆಚ್ಚು ನೋಯಿಸಿತು. ನಮ್ಮ ಬೀದಿಗೆ ಅವನ ಗಾಡಿ ಮತ್ತೆ ಬಂದದ್ದು ಯುಗಾದಿ ಕಳೆದ ಮೇಲೆ.

ಆ ನಡುವಿನ ತಿಂಗಳುಗಳಲ್ಲಿ ಕಾಂಪೌಂಡಿನ ಮೇಲೆ ಏನೂ ಬರಲಿಲ್ಲ, ಅವರೆಕಾಯಿಯ ಕಾಲದಲ್ಲೂ. ಎದುರು ಸಿಕ್ಕರೆ ಮಾತಾಡುತ್ತಿದ್ದರು, ಮೊದಲಿನಂತೆ ಕರೆದು ಮಾತಾಡುತ್ತಿರಲಿಲ್ಲ. ನಾನು ಉಳಿದಿದ್ದ ಬಾಟಲಿಯ ಮುಚ್ಚಳ ಬಿಗಿದು, ಪೇಟೆಯಲ್ಲಿ ಕೊಂಡ ಅಂಗಡಿಗೇ ಹಿಂದಿರುಗಿಸಿ ಬಂದೆ. ಜೇಕಿಗೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಮೊದಲ ಸಲ ಟೀಚರಮ್ಮನನ್ನೇ ಕೇಳಿದ್ದು 2024ರ ಮಾರ್ಚ್‌ನಲ್ಲಿ. ಎರಡು ವರ್ಷ ಪಕ್ಕದಲ್ಲೇ ಇದ್ದರು, ಅವರ ಕೈತೋಟದಲ್ಲಿ ಜೇಕು ಯಾಕೆ ಇಲ್ಲ ಅಂತ ಒಮ್ಮೆಯೂ ಕೇಳಿರಲಿಲ್ಲ.

"ಜೇಕಿಗೆ ನೆರಳು ಆಗಲ್ಲ. ನನ್ನ ಚಪ್ಪರದ ಕೆಳಗೆ ನೋಡಿ, ಒಂದಾದರೂ ಇದೆಯಾ? ಅರ್ಧ ಹುಲ್ಲು ತೆಗೆದುಬಿಡಿ. ಅದನ್ನೂ ಈಗಲೇ, ಬಿಸಿಲಿರುವಾಗ ಅಗೆಯಿರಿ, ಗಡ್ಡೆ ಮೇಲೆ ಬಿದ್ದು ಒಣಗಲಿ."

ಅದೇ ಮಾತು. ನಂಜನಗೂಡಿನ ಹೆಂಗಸು ಮಳೆಯಲ್ಲಿ ಬೇಡ ಅಂದಿದ್ದಳು. ಹಾಗಾದರೆ ಯಾವಾಗ ಅಂತ ಕೇಳಿದ್ದರೆ ಇದನ್ನೇ ಹೇಳುತ್ತಿದ್ದಳು. ಎದುರಿನ ಮನೆ ಯಾವಾಗಲೋ ಕಟ್ಟಿ ಮುಗಿದಿತ್ತು. ಅವಳು ಈಗ ಎಲ್ಲಿ ಕಲ್ಲು ಹೊರುತ್ತಿದ್ದಾಳೋ.

ಆ ಏಪ್ರಿಲ್‌ನ ಬಿಸಿಲು ಭಯಂಕರ. ಅರ್ಧ ಹುಲ್ಲನ್ನು ಎತ್ತಿಸಿ, ಒಂದಡಿ ಆಳ ಅಗೆಸಿ, ಮಣ್ಣನ್ನು ಹಾಗೇ ಬಿಟ್ಟೆ. ದಿನವೂ ಸಂಜೆ ಕೂತು ಗಡ್ಡೆ ಆರಿಸುತ್ತಿದ್ದೆ. ಮೊದಲು ಕೈಗೆ ಗಟ್ಟಿಯಾಗಿ ಸಿಗುತ್ತಿದ್ದವು ತಿಂಗಳೊಳಗೆ ಸುಕ್ಕುಗಟ್ಟಿ ಹಗುರವಾದವು. ಬೆರಳಿಗೆ ಭದ್ರಮುಷ್ಟಿಯ ವಾಸನೆ ಹತ್ತಿಕೊಂಡು ಕೈ ತೊಳೆದರೂ ಹೋಗುತ್ತಿರಲಿಲ್ಲ. ಮಳೆಗೆ ಮುಂಚೆ ಬಿದಿರಿನ ಕಂಬ ನೆಟ್ಟು ತಂತಿ ಎಳೆದು ಚಪ್ಪರ ಮಾಡಿದೆ. ಉಳಿದ ಅರ್ಧದಲ್ಲಿ ಹುಲ್ಲು ಇನ್ನೂ ಇದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಕುರ್ಪಿ ಹಿಡಿದು ಕೂತು ಒಂದೊಂದೇ ಜೇಕು ತೆಗೆಯುತ್ತೇನೆ. ಪೂರ್ತಿ ಹೋಗಿಲ್ಲ. ಪ್ರತಿ ಸಲ ಚಿಗುರಿದಾಗಲೂ ಗಡ್ಡೆ ತನ್ನ ದಾಸ್ತಾನು ಖರ್ಚು ಮಾಡಬೇಕಾಗುತ್ತದೆ. ಗರಿ ಬಲಿತು ಅದನ್ನು ಮತ್ತೆ ತುಂಬುವ ಮುಂಚೆ ತೆಗೆಯುತ್ತ ಬಂದರೆ ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಆಗುತ್ತಿದೆ.

ಚಪ್ಪರ ಎದ್ದ ಜೂನ್ ತಿಂಗಳಲ್ಲಿ ಟೀಚರಮ್ಮ ನಮ್ಮ ಗೇಟು ತೆಗೆದು ಒಳಗೆ ಬಂದರು. ಕೈಯಲ್ಲಿ ಅವರೆಬೀಜದ ಪೊಟ್ಟಣ, ಇನ್ನೊಂದು ಕೈಯಲ್ಲಿ ಹಾಲಿನ ಕವರಿನಲ್ಲಿ ಎರಡು ಟೊಮೇಟೊ ಸಸಿ. ಆ ಮೂರು ಮೊಳಕೆಯ ಗಿಡಗಳ ಹಣ್ಣಿನಿಂದ ಎಬ್ಬಿಸಿದ ಸಸಿಗಳು. ಮಣ್ಣಿನ ಹತ್ತಿರ ಕೂತು ಕೇಳಿದರು.

"ಏನೂ ಹೊಡೆದಿಲ್ಲ ತಾನೆ?"

"ಇಲ್ಲಮ್ಮ."

ಅವರು ಒಂದು ಗಳಿಗೆ ನನ್ನ ಮುಖವನ್ನು ನೋಡಿದರು. ಆಮೇಲೆ ಕುರ್ಪಿ ತೆಗೆದುಕೊಂಡು ಗುಳಿ ತೋಡಿದರು. ಈಗಲೂ ಏನಾದರೂ ನೆಡಲು ಬಂದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ನಾನು ಇಲ್ಲಮ್ಮ ಅನ್ನುತ್ತೇನೆ. ಅವರು ಮುಖ ನೋಡುತ್ತಾರೆ, ಆಮೇಲೆ ಮಣ್ಣಿಗೆ ಕೈ ಹಾಕುತ್ತಾರೆ.